ಹನುಮವ್ವನ ಪುಟ್ಟಿಗೆ ಹದಿನಾಲ್ಕು ಸೆಕೆಂಡು

ಹುಲಿಗೆಪ್ಪನ ನಿದ್ದೆ ಕೆಡಿಸಿದ್ದು ಬರೀ ಹದಿನಾಲ್ಕು ಸೆಕೆಂಡು. ಗೋವಾದ ವಾಸ್ಕೋ ಊರಿನ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ಅವನು ಕಾವಲುಗಾರ. ಹೋದ ತಿಂಗಳು ಅಲ್ಲಿ ಮೂಲೆಮೂಲೆಗೂ ಕ್ಯಾಮೆರಾ ಕೂಡಿಸಿದ್ದರು. ಯಾವ ವಸ್ತುವಿನ ಮುಂದೆ ಜನ ಎಷ್ಟು ಹೊತ್ತು ನಿಂತು ನೋಡಿದರು ಎಂದು ಕಂಪ್ಯೂಟರು ಲೆಕ್ಕ ಇಡುತ್ತಿತ್ತು. ತಿಂಗಳ ಕೊನೆಗೆ ಎಲ್ಲಕ್ಕಿಂತ ಹಿಂದುಳಿದದ್ದು ಗೋದಾಮಿಗೆ. ಪಟ್ಟಿಯ ತಳದಲ್ಲಿ ಒಂದು ಬಿದಿರಿನ ಪುಟ್ಟಿ ಇತ್ತು. ಇಡೀ ದಿನಕ್ಕೆ ಅದನ್ನು ಜನ ನೋಡಿದ್ದು ಹದಿನಾಲ್ಕು ಸೆಕೆಂಡು.

ಆ ಪುಟ್ಟಿ ಹುಲಿಗೆಪ್ಪನ ಅವ್ವ ಹನುಮವ್ವನದು. ಅದರಲ್ಲಿ ಅದಿರು ಹೊತ್ತು, ಬಾರ್ಜು ದೋಣಿ ತುಂಬಿ, ಆಕೆ ಮಗನನ್ನು ಸಾಕಿದ್ದಳು. ಆಕೆ ತೀರಿಕೊಂಡು ನಾಲ್ಕು ವರ್ಷ. ಒಂದು ಫೋಟೊ ಕೂಡ ಉಳಿದಿರಲಿಲ್ಲ. ಮನೆಯಲ್ಲಿ ಗೆದ್ದಲು ಹಿಡಿಯುವುದಕ್ಕಿಂತ ಗಾಜಿನೊಳಗೆ ಇರಲಿ ಎಂದು ಅವನೇ ಪುಟ್ಟಿಯನ್ನು ಕೊಟ್ಟಿದ್ದ. ದಿನಾ ಮುಂಜಾನೆ ಗಾಜು ಒರೆಸುತ್ತ ಅವ್ವನ ಜೊತೆ ಎರಡು ಮಾತು ಆಡದಿದ್ದರೆ ಪಾಪ, ಅವನಿಗೆ ದಿನವೇ ಹೋಗುತ್ತಿರಲಿಲ್ಲ.

ಪುಟ್ಟಿಯ ಅಂಕಿ ಏರಿಸಲು ಮೊದಲು ತಾನೇ ನಿಂತು ನೋಡಿದ. ಕಂಪ್ಯೂಟರು ಯೂನಿಫಾರ್ಮು ಗುರುತು ಹಿಡಿದು ಅವನನ್ನು ಲೆಕ್ಕದಿಂದ ಬಿಟ್ಟಿತು. ಅಂಗಿ ಕಳಚಿ ಬನಿಯನ್ನಿನಲ್ಲಿ ನಿಂತ. ಕಂಪ್ಯೂಟರೇನೋ ಒಪ್ಪಿತು, ಅಷ್ಟರಲ್ಲಿ ಶಾಲೆಯ ಮಕ್ಕಳ ಸಾಲು ಬಂತು. ಮ್ಯೂಸಿಯಮ್ಮಿನ ಅಧಿಕಾರಿ ಸುಮೇಧಾ ಮೇಡಂ ಕಾರವಾರದ ಕಡೆಯವರು, ಒಳ್ಳೆಯ ಹೆಣ್ಣುಮಗಳು. ಬೈಯಲಿಲ್ಲ, ಅಂಗಿ ಹಾಕಿಕೊಳ್ಳಿ ಎಂದಷ್ಟೇ ಹೇಳಿದರು.

ತಿಂಗಳ ಕೊನೆಯ ದಿನ ರವಿವಾರ ಬಿತ್ತು. ಹುಲಿಗೆಪ್ಪ ಸಾಂಕೋಲೆಯ ತನ್ನ ಓಣಿಗೆ ಹೋಗಿ ಇಪ್ಪತ್ತು ಮಂದಿಯನ್ನು ಬಸ್ಸು ಹತ್ತಿಸಿಕೊಂಡು ಬಂದ. ಅವರಲ್ಲಿ ಅವ್ವನ ಸಂಗಡ ದುಡಿದ ಮುದುಕಿ ಲಾಡಬಿ ಇದ್ದಳು. ಗಾರೆ ಕೆಲಸದ ಗೌಂಡಿ ಮಾನಪ್ಪ ಕರೆಯದಿದ್ದರೂ ಮುಂದಾಳಾದ. ಎಲ್ಲ ತನಗೆ ಬಿಡು ಎಂದ. ಮಾನಪ್ಪ ಹಾಗೆಂದ ಕೆಲಸ ಹಾಳಾಗದೆ ಉಳಿದ ದಾಖಲೆ ಓಣಿಯಲ್ಲಿ ಇಲ್ಲ.

ಒಳಗೆ ಕಾಲಿಟ್ಟವರೇ ಇಪ್ಪತ್ತೂ ಮಂದಿ ಪೋರ್ಚುಗೀಸ್ ಸಾಹೇಬನ ಮಂಚದ ಸುತ್ತ ನೆರೆದರು. ಇಷ್ಟೆತ್ತರದ ಮಂಚವನ್ನು ಆ ಸಾಹೇಬ ಹತ್ತುತ್ತಿದ್ದನೋ, ಅವನನ್ನು ಎತ್ತಿ ಹಾಕುತ್ತಿದ್ದರೋ ಎಂದು ದೊಡ್ಡ ಚರ್ಚೆ ನಡೆಯಿತು. ಹುಲಿಗೆಪ್ಪ ಕೈಮುಗಿದು ಪುಟ್ಟಿಯ ಕಡೆ ಕರೆದ.

"ಪುಟ್ಟಿ ಏನ್ ನೋಡೂದಪಾ? ದಿನಾ ನಮ್ಮ ತಲಿ ಮ್ಯಾಲ ಅದ ಇರ್ತೈತಿ," ಎಂದ ಮಾನಪ್ಪ. ಆ ಮಾತನ್ನು ತಪ್ಪೆನ್ನುವುದಾದರೂ ಹೇಗೆ?

ಕೊನೆಗೆ ಮಾನಪ್ಪನೇ ಎಲ್ಲರನ್ನೂ ಗದರಿಸಿ ಪುಟ್ಟಿಯ ಮುಂದೆ ಸಾಲು ನಿಲ್ಲಿಸಿದ. ಐದು ನಿಮಿಷಕ್ಕೆ ಮೊಣಕಾಲು ನೋಯತೊಡಗಿ ಒಬ್ಬೊಬ್ಬರೇ ಕೂತರು. ಕೂತವರು ಗಾಜಿನ ಕಪಾಟಿಗೆ ಬೆನ್ನು ಕೊಟ್ಟರು, ಬೆನ್ನು ಕೊಟ್ಟವರು ರೊಟ್ಟಿ ಗಂಟು ಬಿಚ್ಚಿದರು. ಬೆನ್ನೆಲ್ಲ ಪುಟ್ಟಿಗೆ, ಮುಖವೆಲ್ಲ ಮಂಚಕ್ಕೆ! ಬಾಗಿಲ ಬಳಿ ಲೆಕ್ಕ ತೋರಿಸುವ ಪರದೆಯ ಮೇಲೆ ಮಂಚದ ಅಂಕಿ ಸರಸರ ಏರಿತು. ಹುಲಿಗೆಪ್ಪ ರೊಟ್ಟಿಯ ಚೂರು ಬಳಿಯುತ್ತ, ಶೇಂಗಾ ಹಿಂಡಿಯ ವಾಸನೆ ಹಿಡಿದು ಬಂದ ಮೇಡಂ ಅವರ ಕ್ಷಮೆ ಕೇಳುತ್ತ ಬೆವತುಹೋದ.

ಆಗ ಲಾಡಬಿ ಏಳಲೆಂದು ಕಪಾಟು ಹಿಡಿದು ತಿರುಗಿದಳು. ಮುಖ ಗಾಜಿನ ಎದುರಿಗೆ ಬಂತು.

"ಯಾಂವ ಇಟ್ಟಾನಿದನ್ನ? ತಲಿ ಮ್ಯಾಲ ಇಟಗೊಳ್ಳೂ ಸಿಂಬಿ ಪುಟ್ಟಿ ಒಳಗ ಇಟ್ಟಾನಲ್ಲೋ. ಜನ್ಮದಾಗ ಹೊರಿ ಹೊತ್ತಂವ ಅಲ್ಲ ಬಿಡು."

ಸಿಂಬಿ ಒಳಗಿದ್ದರೆ ಏನಾಯಿತು ಎಂದ ಮಾನಪ್ಪ. ಅಷ್ಟೇ ಸಾಕಾಯಿತು. ಹೆಂಗಸರೆಲ್ಲ ಗಾಜಿಗೆ ಮೂಗು ಒತ್ತಿ ನಿಂತರು. ಬಟ್ಟೆಯ ಆ ಸಿಂಬಿಯನ್ನು ಹನುಮವ್ವ ಬಲಕ್ಕೆ ಸುತ್ತುತ್ತಿದ್ದಳೆಂದು ಕೆಲವರು, ಎಡಕ್ಕೆಂದು ಕೆಲವರು. ಏನು ಜಗಳ ಎಂದು ನೋಡಲು ಬಂದ ಪ್ರವಾಸಿಗರೂ ಅಲ್ಲೇ ನಿಂತರು.

"ನಾ ಬಸುರಿ ಇದ್ದಾಗ ನನ್ನ ಪಾಳಿ ಹೊರೀನೂ ಇದ ಪುಟ್ಟ್ಯಾಗ ಹೊತ್ತಾಳ ಆಕಿ. ಒಂದ ಮಾತ ಯಾರಿಗೂ ಹೇಳ್ಲಿಲ್ಲ," ಎಂದಳು ಲಾಡಬಿ.

ಹುಲಿಗೆಪ್ಪನಿಗೂ ಇದು ಗೊತ್ತಿರಲಿಲ್ಲ. ಅವ್ವ ಎಷ್ಟು ನೆನಪಾದಳೆಂದರೆ ಅವನಿಗೆ ಅಳು ತಡೆಯಲಾಗಲಿಲ್ಲ. ಬಾಗಿಲು ಮುಚ್ಚುವ ಹೊತ್ತಿನವರೆಗೂ ಒಬ್ಬರೂ ಅಲ್ಲಿಂದ ಕದಲಲಿಲ್ಲ.

ಐದು ಗಂಟೆಗೆ ಸುಮೇಧಾ ಮೇಡಂ ನಗುತ್ತ ಬಂದರು. ಪುಟ್ಟಿ ಇಡೀ ಮ್ಯೂಸಿಯಮ್ಮಿಗೇ ಮೊದಲು, ಮಂಚ ಎರಡನೆಯದು. ಓಣಿಯೆಲ್ಲ ಚಪ್ಪಾಳೆ ಹೊಡೆಯಿತು. ಹುಲಿಗೆಪ್ಪ ಮೇಡಂ ಅವರ ಕಾಲಿಗೆ ಬೀಳುವುದೊಂದು ಬಾಕಿ.

"ಮೊದಲನೇದು ಬಂದದ್ದನ್ನ ದಿಲ್ಲಿ ಮ್ಯೂಸಿಯಮ್ಮಿಗೆ ಕಳಸಬೇಕಂತ ಮೇಲಿನವರ ಆರ್ಡರ್ ಅದ ಹುಲಿಗೆಪ್ಪ," ಎಂದರು ಮೇಡಂ. "ನಾಳೆನೇ ಗಾಡಿ ಬರ್ತದ. ಇನ್ನ ಅಲ್ಲೇ ಇರ್ತದ ಅದು. ಇಲ್ಲಿ ಒಂದು ಸ್ಕ್ರೀನ್ ಹಾಕ್ತೇವಿ, ಪುಟ್ಟಿ ಬೇಕಾದಂಗ ತಿರುಗಿಸಿ ನೋಡಬಹುದು."

ಹುಲಿಗೆಪ್ಪ ಪುಟ್ಟಿಯ ಗಾಜಿನ ಮೇಲೆ ಕೈ ಇಟ್ಟ. ಹಾಗಾದರೆ ಕೊನೆಗೆ ಬಂದದ್ದು ಯಾವುದು, ಗೋದಾಮಿಗೆ ಹೋಗುವುದು ಯಾವುದು ಎಂದು ಕೇಳಿದ.

"ಆ ಹಿತ್ತಾಳೆ ದುರ್ಬೀನು. ಆದ್ರ ಗೋದಾಮಿನ್ಯಾಗ ಕಾಲಿಡಲಿಕ್ಕೂ ಜಾಗ ಇಲ್ಲರಿ. ಕೊನೇದು ಇದ್ದಲ್ಲೇ ಇರಲಿ ಅಂತ ಈಗ ಫೋನ್ ಬಂತು."

ಹುಲಿಗೆಪ್ಪ ಇಪ್ಪತ್ತೂ ಮಂದಿಯ ಮುಖ ನೋಡಿದ. ಮಾನಪ್ಪ ಅವನ ಹೆಗಲ ಮೇಲೆ ಕೈ ಹಾಕಿ, ಇಷ್ಟು ದೊಡ್ಡ ಉಪಕಾರ ಮಾಡಿದ್ದೇವೆ, ಎಲ್ಲರಿಗೂ ಚಾ ಜೊತೆಗೆ ಮಿರ್ಚಿ ಭಜೀನೂ ಆಗಬೇಕು ಎಂದ.