ತೂಗುಕುರ್ಚಿಗೆ ಬೆಣೆ

ಈ ಪ್ರಸಂಗ ಹೀಗೆಯೇ ನಡೆಯಿತೆಂದು ಪ್ರಮಾಣ ಮಾಡಲಾರೆ. ವಿಶ್ವವಿದ್ಯಾಲಯದಲ್ಲಿ ನನಗೆ ಎಲ್ಲವನ್ನೂ ಅನುಮಾನಿಸಲು ಕಲಿಸಿದರು. ಕಲಿತ ಮೇಲೆ ಮೊದಲು ಕೈಕೊಟ್ಟದ್ದು ನನ್ನ ನೆನಪೇ. ಅಂದು ಮಳೆಯಿತ್ತೋ ಬಿಸಿಲಿತ್ತೋ, ಶನಿವಾರವೋ ಭಾನುವಾರವೋ, ತಿಳಿಯದು. ಆದರೆ ನನ್ನ ಸೋದರಮಾವನಂಥ ಅಲುಗಾಟದ ವೈರಿ ರಾಯಚೂರು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ ಎಂಬುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ!

ಮಾವ ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದವರು. ನೆಲದಡಿಯಲ್ಲಿ ಮೇಲ್ಛಾವಣಿಗೆ ಮರದ ಕಂಬ ಕೊಟ್ಟು, ಬೆಣೆ ಬಡಿದು ಬಿಗಿ ಮಾಡುವುದು ಅವರ ಕೆಲಸ. ಅಲ್ಲಿ ಏನಾದರೂ ಅಲುಗಾಡಿತೆಂದರೆ ಅಪಾಯ. ನಿವೃತ್ತರಾಗಿ ಲಿಂಗಸುಗೂರಿಗೆ ಬಂದರು. ಬೆಣೆಗಳೂ ಜೇಬಿನಲ್ಲಿ ಜೊತೆಗೇ ಬಂದವು. ಮಸ್ಕಿಯ ಹೋಟೆಲಿನಲ್ಲಿ ಚಹಾ ಬರುವ ಮೊದಲೇ ಮೇಜಿನಡಿ ತೂರುತ್ತಾರೆ. ನನಗೆ ಹೆಣ್ಣು ನೋಡಲು ಹೋದ ಮನೆಯಲ್ಲಿ, ಮಾವ ಎಲ್ಲಿ ಎಂದು ಹುಡುಕಿದರೆ, ಹುಡುಗಿಯ ತಂದೆ ಕುಳಿತ ಮಂಚದ ಕೆಳಗಿದ್ದರು. ಸಂಬಂಧ ಕೂಡಲಿಲ್ಲ, ಮಂಚ ಗಟ್ಟಿಯಾಯಿತು.

ಒಂದೇ ಒಂದು ಅಲುಗಾಟ ಅವರಿಗೆ ಬಗ್ಗಲಿಲ್ಲ. ಅತ್ತೆಯ ಬಲಗೈ ನಡುಗಲು ಶುರುವಾಗಿತ್ತು. ಚಹಾ ಹಿಡಿದರೆ ಬಸಿಯ ಮೇಲೆ ಕಪ್ಪು ಕಟಕಟ ಎನ್ನುತ್ತದೆಂದು ಅತ್ತೆ ನಾಲ್ಕು ಜನರ ನಡುವೆ ಕೂರುವುದನ್ನೇ ಬಿಟ್ಟಿದ್ದರು. ಡಾಕ್ಟರು ಗುಳಿಗೆ ಕೊಟ್ಟರು. ಬೇರೇನೂ ತೋಚದೆ ಮಾವ ಆಸ್ಪತ್ರೆಯ ಬೆಂಚಿಗೆ ಬೆಣೆ ಕೊಟ್ಟು ಬಂದರು.

ಹೀಗಿರುವಾಗ ಸಿಂಧನೂರಿನ ಕಲ್ಯಾಣಮಂಟಪದಲ್ಲಿ ಮರಗೆಲಸದ ಪ್ರದರ್ಶನ. ಅತ್ತೆಯನ್ನು ಬಲವಂತವಾಗಿ ಹೊರಡಿಸಿದೆವು. ನಟ್ಟನಡುವೆ ಒಂದು ತೂಗುಕುರ್ಚಿ: ಎಲ್ಲೂ ಮೊಳೆಯಿಲ್ಲ, ತೋಳುಗಳು ನದಿಯ ಕಲ್ಲಿನಷ್ಟು ನುಣುಪು, ಕಾಲುಗಳ ಕೆಳಗೆ ಬಾಗಿದ ಎರಡು ಪಟ್ಟಿಗಳು. ನಾನು ಮೆಚ್ಚಿ ನೋಡುವಷ್ಟರಲ್ಲಿ ಮಾವ ಅದರ ಪಕ್ಕ ನೆಲಕ್ಕೆ ಮಲಗಿಯಾಗಿತ್ತು. ಟಕ್, ಟಕ್!

"ಅರೇ ಚಾಚಾ, ಏನ್ ಮಾಡಾಕತ್ತೀರಿ?" ಕುರ್ಚಿ ಮಾಡಿದ ಬಡಗಿ ಓಡಿ ಬಂದ.

"ಕಾಲು ಸಮ ಇಲ್ಲೋ ತಮ್ಮಾ. ಗಟ್ಟಿ ಮಾಡೀನಿ. ನೀ ಏನೂ ಕೊಡಬ್ಯಾಡ."

"ಅದು ತೂಗಬೇಕ್ರೀ! ತೂಗಲಂತಲೇ ಮಾಡೀನಿ!"

"ಬೇಕಂತಲೇ ಅಳ್ಳಾಡೋ ಕುರ್ಚಿ ಮಾಡಿದಿ?" ಮಾವ ನನ್ನತ್ತ ತಿರುಗಿದರು. "ಲೇ, ನೀ ಓದಿದಾಂವ, ಇಂವಗ ಹೇಳು."

ಎರಡೂ ಕಡೆ ಸ್ವಲ್ಪ ಸ್ವಲ್ಪ ಸತ್ಯವಿದೆ ಎಂದೆ. ಇಬ್ಬರೂ ನನ್ನನ್ನು ಕೈಬಿಟ್ಟರು.

ಅಷ್ಟರಲ್ಲಿ ಅತ್ತೆ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು. "ಜಗಳ ಆಮ್ಯಾಲ ಆಡ್ರಿ. ಮೊದ್ಲ ಆ ಬೆಣಿ ತಗೀರಿ, ಒಮ್ಮಿ ತೂಗಿ ನೋಡ್ತೀನಿ."

ಮಾವ ಬೆಣೆ ತೆಗೆದರು. ಕುರ್ಚಿ ತೂಗಿತು. ಜನ ಸೇರಿದರು. ಎಲ್ಲರೂ ಕುರ್ಚಿಯನ್ನು ನೋಡಿದರೇ ಹೊರತು ಅತ್ತೆಯ ಕೈಯನ್ನು ಯಾರೂ ನೋಡಲಿಲ್ಲ. ಬಡಗಿ ಚಹಾ ತರಿಸಿದ. ಅಷ್ಟು ಜನರ ನಡುವೆ ಅತ್ತೆ ಕುಡಿದರು. ಸ್ವಲ್ಪ ಸೀರೆಯ ಮೇಲೂ ಚೆಲ್ಲಿತು.

"ಕುರ್ಚೀನ ಅಳ್ಳಾಡಾಕತ್ತೈತಿ, ನಾ ಏನ್ ಮಾಡ್ಲಿ?" ಎಂದು ನಕ್ಕರು.

ಮಾವ ನಗಲಿಲ್ಲ. ಬಡಗಿಯನ್ನು ಪಕ್ಕಕ್ಕೆ ಕರೆದು, "ಇದನ್ನ ಲಿಂಗಸುಗೂರಿಗೆ ಒಯ್ಯಾಕ ಗಾಡಿ ಸಿಗ್ತೈತೇನು?" ಎಂದರು.

ಅತ್ತೆ ಅಂದು ನಿಜಕ್ಕೂ ನಕ್ಕರೋ, ನಾನೇ ಸೇರಿಸಿಕೊಂಡೆನೋ, ಖಾತ್ರಿಯಿಲ್ಲ. ಆದ್ದರಿಂದ ಮೊನ್ನೆ ಅವರ ಮನೆಗೆ ಹೋದಾಗ, ಮಾವ ಹೊರಗಿದ್ದ ಹೊತ್ತು ನೋಡಿ, ನೆಲಕ್ಕೆ ಬಗ್ಗಿ ಎಲ್ಲದರ ಅಡಿಯನ್ನೂ ತನಿಖೆ ಮಾಡಿದೆ. ಮಂಚಕ್ಕೆ ಬೆಣೆಯಿದೆ. ಕಪಾಟಿಗಿದೆ. ದೇವರ ಮಣೆಗೂ ಇದೆ.

ತೂಗುಕುರ್ಚಿಗಿಲ್ಲ.