ಬಿಸಿಲಿಗೂ ತೆರಿಗೆ ರಿಯಾಯಿತಿ

ಪೀಣ್ಯದ ಶೆಡ್ಡುಗಳ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸೋದು ನನ್ನ ಕಸುಬು. ಬಿಸಿಲಿಂದ ನನಗೆ ಯಾವತ್ತೂ ತೊಂದರೆ ಆಗಿಲ್ಲ, ಅದರ ಪಾಡಿಗೆ ಅದು ಬರುತ್ತೆ, ಹೋಗುತ್ತೆ. ಅದಕ್ಕೆ ಸರ್ಕಾರದ ತೆರಿಗೆ ರಿಯಾಯಿತಿ ಅಂಟಿಕೊಂಡ ಮೇಲೆ ಮಾತ್ರ ಹೋದಲ್ಲೆಲ್ಲ ಏನಾದರೊಂದು ತಮಾಷೆ ಆಗ್ತಾನೇ ಇರುತ್ತೆ. ಎಲ್ಲಾ ಹೇಳೋಕೆ ಹೋದರೆ ಮುಗಿಯೋದಿಲ್ಲ. ಒಂದೇ ಒಂದು ಶೆಡ್ಡಿನದ್ದು ಹೇಳ್ತೀನಿ.

೧. ಬಿಟ್ಟಿ ಮತ್ತು ಪ್ರೋತ್ಸಾಹ

ಆ ಶೆಡ್ಡಿನ ಮಾಲೀಕರು ಅಲ್ಲಿನ ಹಳೇ ಊರಿನವರೇ. ರಾಗಿ ಬೆಳೀತಿದ್ದ ಜಾಗದಲ್ಲಿ ಈಗ ಅವರ ಪ್ರೆಸ್ ಮೆಷಿನ್ನುಗಳು ಕುಟ್ತಾ ಇವೆ. ನಾನು ಮೊದಲ ಸಲ ಹೋದಾಗ ಎದುರಿನ ಟೀ ಅಂಗಡೀಲಿ ನಿಂತು ಭಾಷಣ ಮಾಡ್ತಿದ್ದರು.

"ಸರ್ಕಾರ ಯಾರಿಗೂ ಏನೂ ಬಿಟ್ಟಿ ಕೊಡಬಾರದು ಕಣ್ರೀ. ಜನ ಸೋಮಾರಿಗಳಾಗ್ತಾರೆ!"

ನಾನು ಮೆಲ್ಲಗೆ ಹೇಳಿದೆ, "ಸಾರ್, ಸೋಲಾರ್ ಹಾಕಿಸಿದ್ರೆ ನಿಮ್ಮ ತೆರಿಗೆ ಕಮ್ಮಿ ಆಗುತ್ತೆ."

ಟೀ ಲೋಟ ಕೆಳಗಿಟ್ಟರು. "ಎಷ್ಟು ಕಮ್ಮಿ?"

"ಅದೂ ಬಿಟ್ಟಿನೇ ಅಲ್ವಾ ಸಾರ್?"

"ಛೇ ಛೇ, ಅದು ಪ್ರೋತ್ಸಾಹ ಕಣಮ್ಮ!"

ಆಮೇಲೆ ಒಂದು ಷರತ್ತು ಹಾಕಿದರು. ರಿಯಾಯಿತಿ ಪೂರ್ತಿ ಸಿಕ್ಕರೆ ಅದರ ಹಿಂದುಗಡೆ ಇರೋ ತಮ್ಮ ದೊಡ್ಡ ಶೆಡ್ಡಿನ ಕೆಲಸವೂ ನನಗೇ, ಅರ್ಧ ಸಿಕ್ಕರೆ ನಮಸ್ಕಾರ. ಆ ಮಳೆಗಾಲ ನನ್ನ ಕೈಯಲ್ಲಿ ಬೇರೆ ಆರ್ಡರೇ ಇರಲಿಲ್ಲ. ನನ್ನನ್ನೇ ನಂಬಿಕೊಂಡ ಇಬ್ಬರು ಫಿಟ್ಟರುಗಳಿದ್ದರು. ಆ ದೊಡ್ಡ ಶೆಡ್ಡು ಸಿಗದಿದ್ದರೆ ಅವರನ್ನ ಮನೆಗೆ ಕಳಿಸಬೇಕಿತ್ತು. ಆಗಲಿ ಸಾರ್ ಅಂದುಬಿಟ್ಟೆ.

೨. ನೆರಳಿಗೂ ಉಂಟಾ?

ಮಾಲೀಕರ ಆಡಿಟರು ಬಂದು ಲೆಕ್ಕ ಬಿಡಿಸಿ ಹೇಳಿದರು. ಪ್ಯಾನೆಲ್ಲಿಗೆ ರಿಯಾಯಿತಿ ಉಂಟು, ಇನ್ವರ್ಟರಿಗೆ ಉಂಟು.

"ಒರೆಸೋ ಬಟ್ಟೆಗೆ?" ಮಾಲೀಕರು ಕೇಳಿದರು.

"ಇಲ್ಲ ಸಾರ್."

"ಪ್ಯಾನೆಲ್ ನೆರಳಲ್ಲಿ ನನ್ನ ಕಾರ್ ನಿಲ್ಲಿಸ್ತೀನಲ್ಲ, ಆ ಕಾರಿಗೆ?"

ಆಡಿಟರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಅದೆಲ್ಲ ಬಿಡಿ ಸಾರ್. ಅಕ್ಟೋಬರ್ ಶುರುವಿನೊಳಗೆ ಪ್ಲಾಂಟ್ ಚಾಲೂ ಆಗಿರಬೇಕು. ತಡ ಆದ್ರೆ ಈ ವರ್ಷ ಅರ್ಧಾನೇ ರಿಯಾಯಿತಿ."

"ನೋಡಮ್ಮ, ಸೂರ್ಯನಿಗೇ ಇಲ್ಲದ ಅವಸರ ಇವರಿಗೆ!" ಅಂತ ಮಾಲೀಕರು ನನ್ನ ಮೇಲೆ ರೇಗಿದರು.

೩. ಮಾವನ ಪ್ಯಾನೆಲ್

ನಮ್ಮ ಮಾವನವರು ಜಾಲಹಳ್ಳಿಯ ಸರ್ಕಾರಿ ಕಾರ್ಖಾನೇಲಿ ದುಡಿದು ರಿಟೈರ್ ಆದವರು. ಜೀವಮಾನ ಪೂರ್ತಿ ಸಂಬಳ ಕೈಗೆ ಬರೋ ಮೊದಲೇ ತೆರಿಗೆ ಕಟ್ ಆಗ್ತಿತ್ತು, ಆ ಸಿಟ್ಟು ಇನ್ನೂ ಇಳಿದಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದರು, "ಆ ಮಾಲೀಕ ಕಟ್ಟದೇ ಇರೋ ತೆರಿಗೇನ ಮತ್ಯಾರು ಕಟ್ತಾರೆ?"

ಕಲ್ಲಿದ್ದಲು ಉಳಿಯುತ್ತೆ, ಹೊಗೆ ಕಮ್ಮಿ ಆಗುತ್ತೆ, ಶುರುವಿನಲ್ಲಿ ಸರ್ಕಾರ ಕೈ ಹಿಡೀದೇ ಇದ್ದರೆ ಯಾರೂ ಹಾಕಿಸೋದಿಲ್ಲ ಅಂತ ನಾನೂ ಬಿಡದೆ ವಾದ ಮಾಡಿದೆ. ಪಾಪ, ಎಲ್ಲಾ ಕೇಳಿಸಿಕೊಂಡರು. "ಸರಿ, ಹೊಗೆ ಕಮ್ಮಿ ಆಗೋದು ಒಳ್ಳೇದೇ. ಅಂದ್ರೆ ನಾನು ಕಟ್ತಿದ್ದೀನಿ" ಅಂದರು.

ಮಾರನೇ ದಿನ ಸೀದಾ ಶೆಡ್ಡಿಗೇ ಬಂದುಬಿಡೋದೇ! ತಲೆ ಎತ್ತಿ, ಅಷ್ಟರಲ್ಲಿ ಕೂರಿಸಿದ್ದ ಪ್ಯಾನೆಲ್ಲೆಲ್ಲ ನೋಡಿ, ಮಾಲೀಕರಿಗೆ ಗಂಭೀರವಾಗಿ ಹೇಳಿದರು, "ಆ ಮೂಲೇಲಿರೋದು ನಂದು ಸ್ವಾಮಿ. ಪಾರಿವಾಳ ಕೂರದ ಹಾಗೆ ನೋಡ್ಕೊಳ್ಳಿ."

೪. ಪಕ್ಷ

ಗೌರಿ ಗಣೇಶ ಹಬ್ಬಕ್ಕೆ ಊರಿಗೆ ಹೋದ ಫಿಟ್ಟರುಗಳು ನಿಧಾನಕ್ಕೆ ಬಂದರು. ಅಂತೂ ಇಂತೂ ಕೆಲಸ ಮುಗಿಸಿ ಸ್ವಿಚ್ ಒತ್ತೋಣ ಅನ್ನೋ ಹೊತ್ತಿಗೆ ಪಿತೃಪಕ್ಷ ಬಂತು. ಆಡಿಟರು ಹೇಳಿದ್ದ ಗಡುವು ಭಾನುವಾರಕ್ಕೆ ಮುಗಿಯುತ್ತೆ, ಪಕ್ಷ ಮುಗಿಯೋದು ಅದರ ಮುಂದಿನ ವಾರ.

ಮಾಲೀಕರ ತಾಯಿ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. "ಪಕ್ಸದಾಗೆ ಒಸ ಕೆಲ್ಸ ಸುರು ಮಾಡ್ತಾರೇನ್ಲಾ? ಆಯುಧಪೂಜೆ ದಿನ ಮಾಡು."

"ಅವ್ವಾ, ಅಷ್ಟೊತ್ತಿಗೆ ಟ್ಯಾಕ್ಸ್ ರಿಯಾಯಿತಿ ಅರ್ಧ ಹೋಗುತ್ತೆ!"

"ಓಗ್ಲಿ."

ಶನಿವಾರದವರೆಗೂ ಮಾಲೀಕರು ಅತ್ತೂ ಕರೆದೂ ಬೇಡಿಕೊಂಡರು. ಅಜ್ಜಿ ಜಗ್ಗಲಿಲ್ಲ. ಫಿಟ್ಟರುಗಳ ಮುಖ ನೋಡೋಕಾಗದೆ ಅಜ್ಜಿ ಪಕ್ಕ ಹೋಗಿ ಕೂತು ಹೇಳಿದೆ, "ಅಜ್ಜಿ, ಹೊಸ ಕೆಲಸ ಮಾಡಬಾರದು, ಒಪ್ಪಿದೆ. ಪಕ್ಷದಲ್ಲಿ ಮಾಡಲೇಬೇಕಾದ ಕೆಲಸ ಯಾವುದು?"

"ಇರೀಕರಿಗೆ ಎಡೆ ಇಡೋದು ಕಣವ್ವ. ಬದುಕಿದ್ದಾಗ ಅವ್ರು ಏನೇನು ಆಸೆ ಪಡ್ತಿದ್ರೋ ಅದ್ನೆಲ್ಲ ಇಡ್ಬೇಕು."

"ನಿಮ್ಮ ಯಜಮಾನರು ಏನಕ್ಕೆ ಆಸೆ ಪಡ್ತಿದ್ರು?"

ಅಜ್ಜಿ ಮಗನ್ನ ನೋಡಿದರು, ಗೋಡೆ ಮೇಲಿನ ಇನ್ವರ್ಟರ್ ನೋಡಿದರು. "ಅಯ್ ಸಿವ್ನೇ! ಬೋರ್‌ವೆಲ್ ತಾವ ಕುಂತು ಕರೆಂಟು ಬರ್ಲಿಲ್ಲ, ಕರೆಂಟು ಬರ್ಲಿಲ್ಲ ಅಂತ ಬಯ್ಕಂಡೇ ಓಯ್ತಲ್ಲ ಆ ಜೀವ! ಎದ್ದೇಳ್ಲಾ, ನಾಳೆ ನಿಮ್ಮಪ್ಪಂಗೆ ಕರೆಂಟಿನ ಎಡೆ ಇಡು!"

ಭಾನುವಾರ ಇನ್ವರ್ಟರಿಗೆ ಹೂವಿನ ಹಾರ ಬಿತ್ತು. ಅದರ ಕೆಳಗೆ ಯಜಮಾನರ ಫೋಟೋ, ಬಾಳೆ ಎಲೆ, ಮುದ್ದೆ, ಬೋಟಿ ಗೊಜ್ಜು, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬಾಟ್ಲಿ. ಅಜ್ಜಿ ಕಣ್ಣೊರೆಸಿಕೊಂಡು ತಾವೇ ಸ್ವಿಚ್ ಒತ್ತಿದರು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

ಪ್ಲಾಂಟ್ ಚಾಲೂ ಆಗಿದ್ದಕ್ಕೆ ಸಾಕ್ಷಿ ಬೇಕಲ್ಲ, ಫೋಟೋ ತೆಗೆದು ಆಡಿಟರಿಗೆ ಕಳಿಸಿದೆ. ತಕ್ಷಣ ಫೋನ್ ಬಂತು. "ಮೇಡಂ, ಡೇಟ್ ಸರಿ ಇದೆ, ಪೂರ್ತಿ ರಿಯಾಯಿತಿ ಸಿಗುತ್ತೆ. ಆದ್ರೆ ತೆರಿಗೆ ಆಫೀಸಿನವರು ಆ ಬಾಟ್ಲಿ ಯಾರದ್ದು ಅಂತ ಕೇಳಿದ್ರೆ ಏನಂತ ಬರೀಲಿ?"

ಮಾಲೀಕರು ನನ್ನ ಕೈ ಹಿಡಿದು ಕುಲುಕಿ, ನಾಳೆನೇ ದೊಡ್ಡ ಶೆಡ್ಡಿನ ಅಳತೆ ತಗೊಳ್ಳಿ ಅಂದರು. ಫಿಟ್ಟರುಗಳು ಆಗಲೇ ಬೋಟಿ ಗೊಜ್ಜಿನ ಮುಂದೆ ಕೂತಿದ್ದರು. ಅಜ್ಜಿ ಫೋಟೋದಲ್ಲಿದ್ದ ಗಂಡನ್ನ ಹೆಮ್ಮೆಯಿಂದ ನೋಡ್ತಾ ಮಗನಿಗೆ ಹೇಳಿದರು:

"ಬದುಕಿದ್ದಾಗ ನಿಮ್ಮಪ್ಪ ಒಂದಿನಾನೂ ಟ್ಯಾಕ್ಸ್ ಕಟ್ಟಿದ್ದಿಲ್ಲ. ಈಗ ನೋಡ್ಲಾ, ಸತ್ತ ಮ್ಯಾಕೆ ನಿಂದೂ ತಪ್ಪಿಸ್ಬುಡ್ತು!"