ಫೇಲಾದ ದಿನದ ಮಂಡಕ್ಕಿ

ನಮ್ಮ ಭಾವನಷ್ಟು ಓದಿದವರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕು ಜಾಲಾಡಿದರೂ ಸಿಗುವುದಿಲ್ಲ. ಅವರಷ್ಟು ಫೇಲಾದವರೂ ಸಿಗುವುದಿಲ್ಲ! ವ್ಯವಹಾರ ನಿರ್ವಹಣೆ, ಧರ್ಮಗಳ ಅಧ್ಯಯನ, ಆಹಾರ ಮತ್ತು ಆರೋಗ್ಯ, ಶಿಕ್ಷಣಶಾಸ್ತ್ರ... ಮನೆಗೆ ಪುಸ್ತಕ ಕಳಿಸಿ ಓದಿಸುವ ಯಾವ ಕೋರ್ಸನ್ನೂ ಅವರು ಬಿಟ್ಟಿಲ್ಲ. ಯಾವ ಕೋರ್ಸೂ ಅವರನ್ನು ಪಾಸು ಮಾಡಿಲ್ಲ. ಅಷ್ಟಕ್ಕೂ ಅವರಿಗೆ ಈ ಓದು ಯಾಕೆ ಬೇಕು ಹೇಳಿ? ಗೋವಿನಕೋವಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವರು. ಮೇಲಿಂದ ಜೋಳ ಸುರಿದರೆ ಕೆಳಗಿಂದ ಹಿಟ್ಟು ಬರುತ್ತದೆ. ಅದಕ್ಕೆ ಡಿಪ್ಲೊಮಾ ಬೇಕೆ?

ಫೇಲಾಗಲಿ, ಬೇಡ ಅನ್ನುವುದಿಲ್ಲ. ನಾನು ಹೊನ್ನಾಳಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರು, ದಡ್ಡತನ ನನಗೆ ಹೊಸದಲ್ಲ. ನನ್ನ ತಲೆ ಕೆಡಿಸಿದ್ದು ಬೇರೆ. ಪ್ರತಿ ಸಲ ರಿಸಲ್ಟ್ ಬಂದ ಸಂಜೆ ಈ ಮನುಷ್ಯ ಗಿರಣಿ ಮುಂದೆ ಒಂದು ಬುಟ್ಟಿ ಮಂಡಕ್ಕಿ, ಒಂದು ತಟ್ಟೆ ಮೆಣಸಿನಕಾಯಿ ಬಜ್ಜಿ ಇಟ್ಟುಕೊಂಡು ಹೋಗಿ ಬರುವವರಿಗೆಲ್ಲ ಹಂಚುತ್ತಾರೆ!

"ಏನ್ರೀ ವಿಶೇಷ?" ಎಂದು ಜನ ಕೇಳುತ್ತಾರೆ.

"ಫೇಲಾದೆ. ತಗಳ್ರಿ, ಬಿಸಿ ಐತೆ."

ಮೊಮ್ಮಗ ಹುಟ್ಟಿದವರ ಮುಖದಲ್ಲೂ ಅಂಥ ಕಳೆ ನಾನು ಕಂಡಿಲ್ಲ. ಮಾನ ಮರ್ಯಾದೆ ಅನ್ನುವುದು ಒಂದಿಷ್ಟಾದರೂ ಬೇಡವೆ? ನಮ್ಮ ಶಾಲೆಯ ಹೆಡ್‌ಮಾಸ್ಟರು ನನ್ನನ್ನು ಕಂಡಾಗಲೆಲ್ಲ, "ಏನ್ ಮೇಡಂ, ಈ ವರ್ಷ ಮಂಡಕ್ಕಿ ಯಾವಾಗ?" ಎಂದು ವಿಚಾರಿಸುತ್ತಾರೆ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಅದು ನನ್ನ ಅಕ್ಕ, ಭಾವನ ಹೆಂಡತಿ. ಅಕ್ಕ ಗೋವಿನಕೋವಿಯ ಅಂಗನವಾಡಿಯಲ್ಲಿ ಹದಿನೈದು ವರ್ಷದಿಂದ ಸಹಾಯಕಿ. ಮಕ್ಕಳ ಮೂಗು ಒರೆಸುವುದರಿಂದ ಹಿಡಿದು ಹಾಡು ಕಲಿಸುವ ತನಕ ಎಲ್ಲವನ್ನೂ ಅವಳೇ ಮಾಡುತ್ತಾಳೆ. ಆದರೆ ಕಾರ್ಯಕರ್ತೆ ಆಗುವ ಮಾತು ಬಂದಾಗಲೆಲ್ಲ ಅವಳ ಹೆಸರು ಹಿಂದೆ ಬೀಳುತ್ತದೆ, ಯಾಕೆಂದರೆ ಅವಳು ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದರಲ್ಲಿ ಫೇಲು. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಒಂದು ಮಾತೂ ಬೈಯಲಿಲ್ಲ. ಆದರೆ ಓಣಿಯವರೆಲ್ಲ ಸಾವಿನ ಮನೆಗೆ ಬಂದಂತೆ ಬಂದು, ಕೂತು, ನಿಟ್ಟುಸಿರು ಬಿಟ್ಟು ಹೋದರು. ಅಕ್ಕ ಎರಡು ದಿನ ಊಟ ಬಿಟ್ಟಳು. ಅಲ್ಲಿಂದ ಈಚೆಗೆ ಯಾರ ಬಾಯಲ್ಲಾದರೂ ರಿಸಲ್ಟ್ ಅನ್ನುವ ಮಾತು ಬಂದರೆ ಅವಳಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

"ಖಾಸಗಿಯಾಗಿ ಮತ್ತೆ ಕಟ್ಟಕ್ಕ, ನಾನು ಹೇಳಿಕೊಡ್ತೀನಿ" ಎಂದು ನಾನು ವರ್ಷಾ ವರ್ಷಾ ಗೋಗರೆದೆ. "ಈ ವಯಸ್ಸಿಗೆ ಫೇಲಾದ್ರೆ ಮುಖ ಎಲ್ಲಿ ಇಟ್ಕಳ್ಳಾದು? ಬ್ಯಾಡ ಬಿಡೆ" ಅನ್ನುತ್ತಿದ್ದಳು. ಹೆಂಡತಿಯ ಬದುಕಿಗೆ ಬೇಕಾದ ಒಂದು ಪರೀಕ್ಷೆ ಹಾಗೆ ಮೂಲೆಗೆ ಬಿದ್ದಿರುವಾಗ ಗಂಡ ಅನ್ನಿಸಿಕೊಂಡವರು ಬೇಡದ ಪರೀಕ್ಷೆಗಳನ್ನೆಲ್ಲ ಕಟ್ಟಿ ಫೇಲಾಗಿ ಬಜ್ಜಿ ತಿನ್ನುವುದೆಂದರೆ! ನನಗೆ ಮೈ ಉರಿಯದೆ ಇನ್ನೇನು?

ಫೇಲಾಗಿ ಸುಮ್ಮನಿದ್ದರೂ ಆಗುತ್ತಿತ್ತು. ಓದಿದ್ದನ್ನೆಲ್ಲ ನಮ್ಮ ಮೇಲೆ ಪ್ರಯೋಗ ಬೇರೆ. ವ್ಯವಹಾರ ನಿರ್ವಹಣೆ ಓದುವಾಗ ಗಿರಣಿಯಲ್ಲಿ ಒಂದು ನೋಟ್‌ಬುಕ್ ತೂಗುಹಾಕಿದರು. ಗ್ರಾಹಕರ ಅಭಿಪ್ರಾಯ ಬರೆಸಿಕೊಳ್ಳುವುದಂತೆ. ಹಿಟ್ಟು ಬೀಸಿಸಲು ಬಂದ ಒಬ್ಬ ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿ, "ಅಮ್ಮಾ, ನಮ್ಮ ಸೇವೆಗೆ ಐದಕ್ಕೆ ಎಷ್ಟು ಕೊಡ್ತೀರಿ?" ಎಂದು ವಿನಯದಿಂದ ಕೇಳಿದರು.

ಅಜ್ಜಿ ಡಬ್ಬಿ ಎತ್ತಿ ನೋಡಿ, "ಐದು ಕೇಜಿ ಜೋಳ ತಂದಿದ್ದೆ ಕಣಪ್ಪ. ನಾಲ್ಕೂವರೆ ಹಿಟ್ಟು ಐತೆ. ಉಳಿದಿದ್ದು ಎಲ್ಲಿಗ್ ಹೋತು ಅಂತ ಮೊದಲು ಅದ್ರಾಗ್ ಬರಿ" ಅಂದಳು. ನೋಟ್‌ಬುಕ್ಕು ಅವತ್ತೇ ಒಲೆ ಸೇರಿತು.

ಧರ್ಮಗಳ ಅಧ್ಯಯನದ ವರ್ಷ ಉಬ್ರಾಣಿಯಲ್ಲಿ ನಮ್ಮ ದೊಡ್ಡಪ್ಪನ ಹೊಸ ಮನೆಯ ಗೃಹಪ್ರವೇಶ. ಪೂಜೆ ಮಾಡಿಸಲು ಬಂದ ಅಯ್ಯನವರ ಪಕ್ಕದಲ್ಲೇ ಭಾವ ಚಕ್ಕಳಮಕ್ಕಳ ಹಾಕಿ ಕೂತರು. ಕಲಶ ಇಟ್ಟರೆ ಅದರ ಮೂಲ ಏನು ಎಂದರು. ದೀಪ ಹಚ್ಚಿದರೆ ಬೇರೆ ಯಾವ್ಯಾವ ಧರ್ಮದಲ್ಲಿ ದೀಪ ಹಚ್ಚುತ್ತಾರೆ ಎಂದು ತಾವೇ ಅರ್ಧ ಗಂಟೆ ವಿವರಿಸಿದರು. ಒಳಗೆ ಹೋಳಿಗೆ ಆರಿ ಹೋಗುತ್ತಿದೆ, ಹೊರಗೆ ಇನ್ನೂರು ಜನ ಹೊಟ್ಟೆ ಹಿಡಿದುಕೊಂಡು ಕೂತಿದ್ದಾರೆ! ಕೊನೆಗೆ ಅಯ್ಯನವರು ಗಂಟೆಯನ್ನು ಕೆಳಗಿಟ್ಟರು.

"ಅಲ್ರೀ ಯಜಮಾನ್ರೆ, ಇಷ್ಟು ತಿಳ್ಕಂಡೀರಲ್ಲ, ಪರೀಕ್ಷೆ ಪಾಸಾಗೀರೇನು?"

"ಇಲ್ಲ ಅಯ್ನೋರೆ, ಹೋದ ವಾರ ಫೇಲಾದೆ."

"ಹಂಗಾದ್ರೆ ಸುಮ್ನೆ ಕುಂದರ್ರಿ, ಮಂಗಳಾರತಿ ಮಾಡಾಕೆ ಬಿಡ್ರಿ."

ಆರೋಗ್ಯದ ಪುಸ್ತಕ ಕೈಗೆ ಬಂದಾಗ ಉಪ್ಪಿನ ಮೇಲೆ ಯುದ್ಧ ಸಾರಿದರು. ಅಕ್ಕನ ಅಡುಗೆಯಲ್ಲಿ ಉಪ್ಪು ಮಾಯವಾಯಿತು. ಅಷ್ಟಕ್ಕೇ ಸಮಾಧಾನವಿಲ್ಲ, ಜಗಳೂರು ಕಡೆಯ ಬಿಳಿಚೋಡಿನಲ್ಲಿರುವ ನಮ್ಮ ಸೋದರಮಾವನ ಮನೆಗೂ ಉಪದೇಶಕ್ಕೆ ಹೋದರು. ಮಾವನಿಗೆ ಎಂಬತ್ತರ ಹತ್ತಿರ ವಯಸ್ಸು, ಇವತ್ತಿಗೂ ಕುರಿ ಕಾಯುತ್ತಾರೆ. "ಈ ವಯಸ್ಸಿಗೆ ಉಪ್ಪು ವಿಷ ಮಾವ" ಎಂದು ಭಾವ ಶುರು ಮಾಡಿದರು. ಮಾವ, "ಕುರಿ ಹಿಂದೆ ಹೋಗಾಣ ಬಾ, ದಾರಿಗುಂಟ ಹೇಳ್ತಾ ಬಾರಪ್ಪ" ಎಂದು ಕರೆದುಕೊಂಡು ಹೋದರು. ಮಧ್ಯಾಹ್ನದ ಬಿಸಿಲಿಗೆ ಉಪದೇಶಕರ ಎರಡೂ ಕಾಲು ಮರಗಟ್ಟಿ, ಜಾಲಿ ಮರದ ಕೆಳಗೆ ಮಲಗಿದವರು ಏಳಲಿಲ್ಲ. ಮಾವ ಉಪ್ಪು ಕದಡಿದ ಮಜ್ಜಿಗೆ ಕುಡಿಸಿದರು. ಭಾವ ಮೂರು ಚೊಂಬು ಖಾಲಿ ಮಾಡಿ, "ಇನ್ನೊಂದಿಷ್ಟು ಉಪ್ಪು ಹಾಕ್ರಿ ಮಾವ" ಅಂದರಂತೆ! ಆ ಸಲದ ಮಂಡಕ್ಕಿಗೆ ಉಪ್ಪು ಸರಿಯಾಗಿತ್ತು.

ಇಷ್ಟೆಲ್ಲಕ್ಕೂ ಅಕ್ಕನದು ಒಂದೇ ರೀತಿ. ಫೇಲಾಗಿ ಬಂದ ಗಂಡನನ್ನು ಬಾಗಿಲಲ್ಲೇ ನೋಡಿ, "ಇದೂ ಹೋತಾ?" ಅನ್ನುವಳು. "ಹೋತು." "ಸರಿ, ಕೈಕಾಲು ತೊಳ್ಕಳ್ರಿ, ಊಟ ಹಾಕ್ತೀನಿ." ಮಂಡಕ್ಕಿಗೆ ಈರುಳ್ಳಿ ಹೆಚ್ಚಿ ಕೊಡುವವಳೂ ಅವಳೇ. ಸಂಜೆ ಹೊತ್ತು ಗಿರಣಿಯ ಹೊಸ್ತಿಲ ಮೇಲೆ ಕೂತು ಆ ಫೇಲಾದ ಪುಸ್ತಕಗಳನ್ನು ಮೊದಲಿಂದ ಕೊನೆಯವರೆಗೆ ಓದುವವಳೂ ಅವಳೇ. ದುಡ್ಡು ಕೊಟ್ಟು ತಂದ ಪುಸ್ತಕ ದಂಡ ಆಗಬಾರದಂತೆ.

ನನ್ನ ಸಹನೆ ಹರಿದದ್ದು ಶಿಕ್ಷಣಶಾಸ್ತ್ರದ ಕಾಲದಲ್ಲಿ. ತರಗತಿ ವೀಕ್ಷಣೆ ಮಾಡಬೇಕು ಎಂದು ಭಾವ ಒಂದು ದಿನ ನೇರವಾಗಿ ನನ್ನ ಶಾಲೆಗೇ ಬಂದುಬಿಟ್ಟರು. ನಾಲ್ಕನೇ ತರಗತಿಯ ಕೊನೆಯ ಬೆಂಚಿನಲ್ಲಿ ಮಂಡಿ ಮಡಿಸಿಕೊಂಡು ಕೂತು, ನಾನು ಭಾಗಾಕಾರ ಹೇಳಿಕೊಡುವಾಗ ಎರಡು ಸಲ ಕೈ ಎತ್ತಿದರು. ಪಾಠ ಮುಗಿದ ಮೇಲೆ ಮಕ್ಕಳ ಎದುರಿಗೇ, "ನಿಮ್ಮ ಮಿಸ್ಸು ಸಿಟ್ ಮಾಡಿದ್ರೆ ನಿಮಗೆ ಏನನ್ನಿಸ್ತೈತೆ?" ಎಂದು ಸಂದರ್ಶನ ಬೇರೆ!

ವರಾಂಡಕ್ಕೆ ಕರೆದುಕೊಂಡು ಬಂದು ಹೇಳಿಯೇಬಿಟ್ಟೆ. "ಭಾವ, ಸಾಕು ಮಾಡ್ರಿ! ಓದಿನ ಮೇಲೆ ನಿಮಗೆ ಇಷ್ಟು ಪ್ರೀತಿ ಇದ್ರೆ ಮೊದಲು ಅಕ್ಕನ ಕೈಲಿ ಆ ಒಂದು ಪರೀಕ್ಷೆ ಕಟ್ಟಿಸ್ರಿ. ನಿಮ್ಮ ಹುಚ್ಚಾಟಕ್ಕೆ ಅವಳ ಬದುಕು ಹಾಳಾಗ್ತಾ ಐತೆ."

ಭಾವ ಚಪ್ಪಲಿ ಹಾಕಿಕೊಂಡು ಗೇಟಿನ ತನಕ ಹೋಗಿ ತಿರುಗಿ ನೋಡಿದರು. "ಫೇಲಾದ ಮಕ್ಕಳಿಗೆ ನೀನು ಏನಂತ ಹೇಳ್ತೀಯಮ್ಮ?"

"ಮುಂದಿನ ಸಲ ಚೆನ್ನಾಗಿ ಓದು ಅಂತೀನಿ."

"ಹಂಗಂದ್ರೆ ಅವು ಹೆದರ್ಕಂತಾವೆ" ಎಂದು ಬಸ್‌ಸ್ಟ್ಯಾಂಡ್ ಕಡೆ ನಡೆದರು. ನನಗೆ ಅರ್ಥವಾಗಲಿಲ್ಲ. ಇವರಿಗೆ ತಲೆ ಪೂರ್ತಿ ಕೆಟ್ಟಿತು ಅಂದುಕೊಂಡೆ. ಚನ್ನಗಿರಿಯ ಕೇಂದ್ರದಲ್ಲಿ ಆ ಪರೀಕ್ಷೆಯನ್ನೂ ಬರೆದು ಫೇಲಾದರು, ಅಲ್ಲಿಗೆ ಏಳು. ಏಳನೆಯ ಸಲವೂ ಮಂಡಕ್ಕಿ.

ಅದಾಗಿ ಒಂದು ತಿಂಗಳಿಗೆ ಅಕ್ಕನ ಫೋನು. "ಎಸ್ಸೆಸ್ಸೆಲ್ಸಿ ಕಟ್ಟೀನಿ ಕಣೆ. ಹಳೇದು ನಡಿಯಲ್ಲಂತೆ, ಎಲ್ಲಾ ವಿಷಯಾನೂ ಬರೀಬೇಕಂತೆ. ಗಣಿತ ಹೇಳ್ಕೊಡಾಕೆ ಭಾನುವಾರ ಬರ್ತೀಯಾ?"

ನನಗೆ ನಂಬಿಕೆಯೇ ಬರಲಿಲ್ಲ. "ಏನಕ್ಕ ಇದ್ದಕ್ಕಿದ್ದಂಗೆ?"

"ಏನಿಲ್ಲ. ಈರುಳ್ಳಿ ಹೆಚ್ತಾ ಇದ್ದೆ. ಇವ್ರು ಏಳು ಸಲ ಫೇಲಾದ್ರು. ಗಿರಣಿ ನಿಂತಿತಾ? ಊರಾಗೆ ಯಾರಾದ್ರೂ ಮಾತು ಬಿಟ್ರಾ? ನಾನು ಒಂದು ಸಲಕ್ಕೆ ಇಷ್ಟು ವರ್ಷ ಅತ್ನಲ್ಲ ಅನ್ನಿಸ್ತು."

ಗಣಿತದ ಪರೀಕ್ಷೆಯ ದಿನ ನಾನು ಅರ್ಧ ದಿನ ರಜೆ ಹಾಕಿ ಹೊನ್ನಾಳಿಯ ಪರೀಕ್ಷಾ ಕೇಂದ್ರಕ್ಕೆ ಹೋದೆ. ಯೂನಿಫಾರ್ಮಿನ ಮಕ್ಕಳ ನಡುವೆ ಅಕ್ಕ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಗೇಟಿನ ಹೊರಗೆ ಭಾವ ಅವಳ ಊಟದ ಡಬ್ಬಿ ಹಿಡಿದುಕೊಂಡು ನಿಂತು ಅದರ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ಏಳು ಪರೀಕ್ಷೆ ನಗುನಗುತ್ತ ಬರೆದವರ ಕೈ!

"ಭಾವ, ನಿಜ ಹೇಳ್ರಿ. ನೀವು ಬೇಕಂತಲೇ ಫೇಲಾದ್ರಾ?"

"ಮೊದಲ್ನೇ ಸಲ ನಿಜವಾಗ್ಲೂ ಫೇಲಾದೆ ಕಣಮ್ಮ" ಅಂದರು. ಅದನ್ನು ಹೇಳಲು ಅವರಿಗೆ ಸ್ವಲ್ಪ ನಾಚಿಕೆಯಾಯಿತು. "ಅವತ್ತು ಬೇಜಾರಾಗಿ, ಮನಿಗೆ ಏನಾದ್ರೂ ತಗಂಡೋಗಾಣ ಅಂತ ಮಂಡಕ್ಕಿ ತಂದೆ. 'ಫೇಲಾಗಿ ಮಂಡಕ್ಕಿ ತಂದೀರಾ?' ಅಂತ ನಿಮ್ಮಕ್ಕ ನಕ್ಕಳು. ರಿಸಲ್ಟ್ ಅಂದ್ರೆ ಅವಳು ನಕ್ಕಿದ್ದು ಅದೇ ಮೊದಲು. ಆಮ್ಯಾಕೆ ನನಗೆ ಪಾಸಾಗಾಕೆ ಮನಸ್ಸೇ ಬರಲಿಲ್ಲ."

ನನಗೆ ಇಷ್ಟು ವರ್ಷ ಬೈದದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ಅವರ ಕೈಯಿಂದ ಡಬ್ಬಿ ಇಸಿದುಕೊಂಡೆ, ಬೀಳಿಸಿಬಿಟ್ಟಾರು ಎಂದು.

ರಿಸಲ್ಟ್ ಬಂತು. ಉಳಿದೆಲ್ಲ ವಿಷಯದಲ್ಲಿ ಅಕ್ಕ ಪಾಸು. ಗಣಿತ ಆರು ಮಾರ್ಕ್ಸಿಗೆ ಹೋಯಿತು.

ಮೊಬೈಲಿನಲ್ಲಿ ಅದನ್ನು ನೋಡಿದವಳೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಅದೇ ಹಳೆಯ ದಿನ, ಓಣಿಯವರ ನಿಟ್ಟುಸಿರು, ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ ಅಕ್ಕ. ಗೋವಿನಕೋವಿಯಲ್ಲಿ ಇಳಿದು ಹೆಚ್ಚು ಕಡಿಮೆ ಓಡಿದೆ.

ಗಿರಣಿ ಮುಂದೆ ಜನ ಸೇರಿದ್ದರು. ನಡುವೆ ಅಕ್ಕ, ಸೊಂಟಕ್ಕೆ ಸೆರಗು ಸುತ್ತಿಕೊಂಡು, ಬುಟ್ಟಿಯಿಂದ ಮಂಡಕ್ಕಿ ಬಾಚಿ ಬಾಚಿ ಪೇಪರಿನಲ್ಲಿ ಹಾಕಿ ಕೊಡುತ್ತಿದ್ದಳು. ನನ್ನನ್ನು ಕಂಡು, "ಗಣಿತ ಹೋತು ಕಣೆ! ತಗ, ಬಜ್ಜಿ ಬಿಸಿ ಐತೆ. ಎರಡನೇ ಪರೀಕ್ಷೆಗೆ ಆಗ್ಲೇ ಕಟ್ಟಾಕೆ ಹೇಳೀನಿ" ಅಂದಳು.

"ಭಾವ ಎಲ್ಲಿ?"

"ಒಳಗೆ ಅವ್ರೆ ನೋಡು. ಫೇಲಾಗಿದ್ದು ನಾನು, ಊಟ ಬಿಟ್ಟಿದ್ದು ಅವ್ರು!"

ಗಿರಣಿ ನಿಂತಿತ್ತು. ಭಾವ ಜೋಳದ ಚೀಲದ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. "ಆರೇ ಆರು ಮಾರ್ಕ್ಸು ಕಣಮ್ಮ" ಅಂದವರು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಅವರು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅಕ್ಕ ಮಂಡಕ್ಕಿ ಹಿಡಿದುಕೊಂಡು ಒಳಗೆ ಬಂದಳು. ಟವೆಲು ಸರಿಸಿ ಪೊಟ್ಟಣವನ್ನು ಅವರ ಕೈಯಲ್ಲಿಟ್ಟಳು.

"ಏಳು ಸಲ ನೀವು ತಿನ್ನಿಸಿದ್ರಿ. ಒಂದು ಸಲ ನಾನು ತಿನ್ನಿಸಬಾರ್ದಾ? ತಿನ್ರಿ" ಅಂದಳು.

ಭಾವ ಒಂದು ಮುಕ್ಕು ಬಾಯಿಗೆ ಹಾಕಿಕೊಂಡರು. ಅಕ್ಕ ಅವರ ಪಕ್ಕದಲ್ಲೇ ಚೀಲದ ಮೇಲೆ ಕೂತಳು.